ಕಸವೆಂದು ಹೂತದ್ದು

ಹಸು ಕರು ಹಾಕಿದ ಮನೆಗೆ ಹೋದರೆ, ಕರು ಹೆಣ್ಣೋ ಗಂಡೋ ಎಂದು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ 'ಕಸ ಬಿತ್ತಾ?' ಎಂಬುದು. ಬೀಳದೆ ಉಳಿದರೆ ಹಸುವಿಗೆ ಅಪಾಯ ಎಂದು ದನ ಸಾಕಿದವರಿಗೆಲ್ಲ ಗೊತ್ತು. ಕೆಲವು ಕಡೆ ಅದಕ್ಕೆ ಸತ್ತೆ ಎನ್ನುತ್ತಾರೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾಸು. ಕಸ, ಸತ್ತೆ, ಮಾಸು: ಹೊಟ್ಟೆಯೊಳಗಿನ ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವೂ ಆಗಿ ದುಡಿದ ಅಂಗಕ್ಕೆ ನಾವಿಟ್ಟ ಹೆಸರುಗಳೆಲ್ಲ ಗುಡಿಸಿ ಹಾಕುವ ವಸ್ತುವಿನವು.

ಶಾಸ್ತ್ರ ಬರೆದವರು ಇಷ್ಟು ನಿಷ್ಠುರರಾಗಿರಲಿಲ್ಲ. ಮೂಡುಬಿದಿರೆಯಂಥ ಜೈನಕಾಶಿಯಲ್ಲಿ ಇಂದಿಗೂ ಓದುವ ತತ್ತ್ವಾರ್ಥಸೂತ್ರ, ಗರ್ಭದಿಂದ ಹುಟ್ಟುವ ಜೀವಿಗಳನ್ನು ಜರಾಯುಜ, ಅಂಡಜ, ಪೋತ ಎಂದು ಮೂರು ಬಗೆ ಮಾಡುತ್ತದೆ. ಜರಾಯು ಎಂದರೆ ಮಗುವನ್ನು ಬಲೆಯಂತೆ ಸುತ್ತಿಕೊಂಡ ಹೊದಿಕೆ. ಅಂದರೆ ಹುಟ್ಟಿನ ವರ್ಗೀಕರಣಕ್ಕೆ ಆಧಾರವೇ ನಾವು ಹೂತು ಬರುವ ವಸ್ತು. ನಮ್ಮ ಪಠ್ಯಪುಸ್ತಕಗಳು ಪ್ಲಾಸೆಂಟಾಕ್ಕೆ ಜರಾಯು ಎಂಬ ಪದವನ್ನು ತೆಗೆದುಕೊಂಡದ್ದು ಈ ಹಳೆಯ ಭಂಡಾರದಿಂದಲೇ. ಪ್ಲಾಸೆಂಟಾ ಎಂಬ ಲ್ಯಾಟಿನ್ ಪದಕ್ಕಾದರೋ ಚಪ್ಪಟೆ ರೊಟ್ಟಿಯಂಥ ತಿನಿಸು ಎಂದರ್ಥ. 1559ರಲ್ಲಿ ರಿಯಾಲ್ಡೋ ಕೊಲಂಬೊ ಎಂಬ ಇಟಲಿಯ ಅಂಗರಚನಾ ತಜ್ಞ ಅದರ ಆಕಾರ ನೋಡಿ ಬಳಸಿದ ಹೆಸರು.

ಮಾಸಿನ ಜೀವಕೋಶಗಳು ತಾಯಿಯ ದೇಹದೊಂದಿಗೆ ಹೇಗೆ ಮಾತಾಡುತ್ತವೆ ಎಂಬುದು ನನ್ನ ಪಿಎಚ್‌ಡಿ ವಿಷಯ. 'ಕಸದ ಮೇಲೆ ಡಾಕ್ಟರೇಟಾ?' ಎಂದು ಗೆಳೆಯರು ನಗುತ್ತಾರೆ. ಈ ಅಂಗದ ಚರಿತ್ರೆಯನ್ನು ಓದಿದರೆ ಆ ನಗು ವಿಜ್ಞಾನಿಗಳಲ್ಲೂ ಬಹುಕಾಲ ಇತ್ತೆಂದು ತಿಳಿಯುತ್ತದೆ. 18ನೇ ಶತಮಾನದಲ್ಲಿ ಲಂಡನ್ನಿನ ಹಂಟರ್ ಸಹೋದರರು ರಕ್ತನಾಳಗಳಿಗೆ ಮೇಣ ತುಂಬಿ, ತಾಯಿಯ ರಕ್ತವೂ ಮಗುವಿನ ರಕ್ತವೂ ನೇರವಾಗಿ ಬೆರೆಯುವುದಿಲ್ಲವೆಂದು ತೋರಿಸಿದರು. ದೊಡ್ಡ ಶೋಧನೆಯೇ. ಆದರೆ ಅದರಿಂದ ಮಾಸು ಎಂದರೆ ನಡುವಿನ ಗೋಡೆ, ಹೆಚ್ಚೆಂದರೆ ಒಂದು ಜರಡಿ ಎಂಬ ಭಾವನೆ ಬಲವಾಗಿ ಬೇರೂರಿತು.

ಆ ಗೋಡೆ ಸುಮ್ಮನಿಲ್ಲ ಎಂಬ ಮೊದಲ ಸಾಕ್ಷ್ಯ ಸಿಕ್ಕಿದ್ದು ಶವಗಳಲ್ಲಿ. 1893ರಲ್ಲಿ ಜರ್ಮನಿಯ ಗಿಯೋರ್ಗ್ ಶ್ಮೋರ್ಲ್, ಬಸುರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬಂದು ಸತ್ತ 17 ಹೆಂಗಸರ ಮರಣೋತ್ತರ ಪರೀಕ್ಷೆಯ ವಿವರ ಪ್ರಕಟಿಸಿದ. ಅವರ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹಲವು ನ್ಯೂಕ್ಲಿಯಸ್‌ಗಳಿದ್ದ ದೈತ್ಯ ಜೀವಕೋಶಗಳು ಸಿಕ್ಕಿಕೊಂಡಿದ್ದವು. ಅವು ಶ್ವಾಸಕೋಶದವಲ್ಲ, ಮಾಸಿನಿಂದ ಕಳಚಿ ಬಂದವು ಎಂದು ಆತ ಗುರುತಿಸಿದ. ಈ ಕಾಯಿಲೆಗೆ ವೈದ್ಯರು ಬಹುಕಾಲ ಟಾಕ್ಸೀಮಿಯ ಎನ್ನುತ್ತಿದ್ದರು, ಅಂದರೆ ರಕ್ತದಲ್ಲಿ ವಿಷ. ಕನ್ನಡದಲ್ಲಿ ಗರ್ಭನಂಜು. ಹೆಸರಿನಲ್ಲೇ ನಂಜು ಇತ್ತು. ಆ ನಂಜು ಯಾವುದು ಎಂದು ತೋರಿಸಲು ಮಾತ್ರ ಯಾರಿಗೂ ಆಗಿರಲಿಲ್ಲ. ಮಗು ಹುಟ್ಟಿ ಮಾಸು ಹೊರಬಿದ್ದರೆ ಕಾಯಿಲೆ ಸಾಮಾನ್ಯವಾಗಿ ಇಳಿಯುತ್ತದೆ ಎಂಬುದಷ್ಟೇ ಹಿಡಿದುಕೊಳ್ಳಲು ಇದ್ದ ಎಳೆ.

ಉತ್ತರದ ಒಂದು ಭಾಗ ಸಿಗಲು 2003ರ ತನಕ ಕಾಯಬೇಕಾಯಿತು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಕಲಿತು ಬಾಸ್ಟನ್ನಿಗೆ ಹೋದ ಅನಂತ್ ಕರುಮಾಂಚಿ ಮತ್ತು ಸಂಗಡಿಗರು, ಕಾಯಿಲೆ ಬಿದ್ದ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಅತಿಯಾಗಿ ತಾಯಿಯ ರಕ್ತಕ್ಕೆ ಬಿಡುತ್ತದೆ ಎಂದು ಕಂಡುಕೊಂಡರು. ರಕ್ತನಾಳಗಳನ್ನು ಆರೋಗ್ಯವಾಗಿಡುವ ಅಂಶಗಳನ್ನು ಅದು ರಕ್ತದಲ್ಲೇ ಹಿಡಿದು ಕಟ್ಟಿಹಾಕುತ್ತದೆ. ಒತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಗಬ್ಬದ ಇಲಿಗಳಿಗೆ ಅದನ್ನು ಕೊಟ್ಟಾಗ ಅವಕ್ಕೂ ಇದೇ ಆಯಿತು.

ಇನ್ನೊಂದು ಎಳೆ ನಮ್ಮ ಮೈಸೂರಿನದು. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ ಎಂಬ ಬೇಸರ ನನಗಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದೊಡ್ಡ ಸಂಶೋಧನೆಯ ಉದ್ದೇಶವೇನೂ ಇರಲಿಲ್ಲ. ಹೆರಿಗೆಯಾಯಿತು, ತೂಗಿದರು, ಬರೆದರು. ನಮ್ಮ ಕಚೇರಿಗಳ ಹಳೆಯ ಕಡತಗಳು ಗೆದ್ದಲಿಗೆ ಆಹಾರವಾಗುವುದನ್ನು ಕಂಡವರಿಗೆ ಆ ಪುಸ್ತಕಗಳು ಉಳಿದದ್ದೇ ಆಶ್ಚರ್ಯ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರ ಜೊತೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂತು. 45 ದಾಟಿದವರನ್ನು ನೋಡಿದರೆ, ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ ಮೂವರಿಗೆ. ಹೊಟ್ಟೆಯಲ್ಲಿದ್ದಾಗಿನ ಕೊರತೆಯ ಗುರುತು ಅರ್ಧ ಶತಮಾನದ ನಂತರ ಎದೆಯಲ್ಲಿ ಕಾಣಿಸಿಕೊಂಡಿತ್ತು.

ಮಗುವಿಗೆ ಏನು, ಎಷ್ಟು ತಲುಪಬೇಕು ಎಂಬುದು ಬಹುಮಟ್ಟಿಗೆ ಮಾಸಿನ ಕೈಯಲ್ಲಿದೆ. ಹಾಗಾಗಿ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾದಾಗ ಮಗುವಿನ ಜೊತೆಗೆ ಮಾಸನ್ನೂ ಅಳೆದರು: ತೂಕ, ಉದ್ದ, ಅಗಲ. ಒಂಬತ್ತು ವರ್ಷದ ಬಳಿಕ 471 ಮಕ್ಕಳ ರಕ್ತದೊತ್ತಡ ನೋಡಿದಾಗ ಮಾಸಿನ ಆಕಾರಕ್ಕೂ ಒತ್ತಡಕ್ಕೂ ನಂಟು ಕಂಡಿತು. ಹೆಣ್ಣುಮಕ್ಕಳಲ್ಲಿ ದೊಡ್ಡ ಮಾಸಿನ ಜೊತೆ ಒತ್ತಡ ಹೆಚ್ಚು. ಗಂಡುಮಕ್ಕಳಲ್ಲಿ ಚಿತ್ರ ಬೇರೆಯೇ ಇತ್ತು. ಹೆಣ್ಣುಮಕ್ಕಳಲ್ಲೂ ತಾಯಿ ಎತ್ತರವೋ ಗಿಡ್ಡವೋ ಎಂಬುದರ ಮೇಲೆ ಚಿತ್ರ ಬದಲಾಗುತ್ತಿತ್ತು. ಇಂಥ ಗೋಜಲು ಫಲಿತಾಂಶಗಳೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಅಳತೆಯೊಂದೇ ಸಾಲದು, ಒಳಗಿನ ಮಾತುಕತೆಯನ್ನೂ ಕೇಳಬೇಕು ಎಂದು ಅವು ಒತ್ತಾಯಿಸುತ್ತವೆ.

ಆ ಮಾತುಕತೆಯ ಒಂದು ಬಗೆ ಎಕ್ಸೋಸೋಮ್. ಜೀವಕೋಶ ಹೊರಗೆ ಬಿಡುವ, ಕೂದಲಿನ ದಪ್ಪದ ಸುಮಾರು ಸಾವಿರದ ಒಂದಂಶದಷ್ಟಿರುವ ಚೀಲ. ಇದನ್ನು 1980ರ ದಶಕದಲ್ಲಿ ಕುರಿಯ ಎಳೆಯ ರಕ್ತಕಣಗಳಲ್ಲಿ ಕಂಡವರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಒಬ್ಬರು. ಆಗ ಇದನ್ನು ಏನೆಂದು ತಿಳಿದರು ಗೊತ್ತೇ? ಜೀವಕೋಶ ತನಗೆ ಬೇಡದ್ದನ್ನು ಕಟ್ಟಿ ಎಸೆಯುವ ಕಸದ ಚೀಲ! ಬಹಳ ವರ್ಷಗಳ ನಂತರವಷ್ಟೇ ಅದರೊಳಗೆ ಪ್ರೋಟೀನೂ ಆರ್‌ಎನ್‌ಎಯೂ ಇವೆ, ಅವು ಬೇರೆ ಜೀವಕೋಶದ ನಡವಳಿಕೆಯನ್ನು ಬದಲಿಸಬಲ್ಲವು ಎಂದು ಮನವರಿಕೆಯಾದದ್ದು. ಮಾಸು ಬಿಡುವ ಇಂಥ ಚೀಲಗಳು ಬೇರೆ ಜೀವಕೋಶಗಳಿಗೆ ವೈರಸ್ಸನ್ನು ತಡೆಯುವ ಶಕ್ತಿ ಕೊಡುತ್ತವೆ ಎಂದು 2013ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ತಂಡವೊಂದು ತೋರಿಸಿತು.

ಇವನ್ನೆಲ್ಲ ತಿಳಿದು ಏನು ಪ್ರಯೋಜನ ಎಂದು ನಮ್ಮ ಕಡೆಯ ಯಾರಾದರೂ ಕೇಳಿದರೆ ನಾನು ಹೇಳುವುದು ಹದಿನಾರು ವಾರದ ಲೆಕ್ಕವನ್ನು. ಗರ್ಭನಂಜಿನ ಅಪಾಯ ಹೆಚ್ಚಿರುವವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ನನ್ನು ವೈದ್ಯರು ಹದಿನಾರನೇ ವಾರದೊಳಗೆ ಶುರು ಮಾಡಿದರೆ ಒಳ್ಳೆಯ ಫಲ ಸಿಗುತ್ತದೆ. ಒತ್ತಡ ಏರುವುದು ಇಪ್ಪತ್ತನೇ ವಾರದ ನಂತರ. ಯಾರಿಗೆ ಅಪಾಯ ಎಂದು ಬಿಪಿ ಯಂತ್ರ ಹೇಳುವ ಹೊತ್ತಿಗೆ ಔಷಧಿಯ ಕಾಲ ದಾಟಿರುತ್ತದೆ. ಆ ನಾಲ್ಕೈದು ವಾರ ಮೊದಲು ಮಾಸು ತಾಯಿಯ ರಕ್ತದಲ್ಲಿ ಏನು ಹೇಳುತ್ತಿತ್ತು ಎಂಬುದನ್ನು ಓದುವುದು ನನ್ನಂಥವರ ಕೆಲಸ.

ಅದಕ್ಕೆ ಮಾಸು ಬೇಕು, ಅದೂ ತಾಜಾ. ಈಗ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅದು ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ನಾವು ಮಂಜುಗಡ್ಡೆಯ ಡಬ್ಬಿ ಹಿಡಿದು ಬಾಗಿಲಲ್ಲಿರಬೇಕು. ತಾಯಿಯ ಒಪ್ಪಿಗೆಯನ್ನು ಮುಂಚೆಯೇ ಪಡೆದಿರುತ್ತೇವೆ. ಆದರೂ ಜೊತೆಗೆ ಬಂದ ಹಿರಿಯ ಹೆಂಗಸರು ಕೇಳುವುದುಂಟು: ನಿಮಗೆ ಬೇಕಾದ್ದು ತೆಗೆದುಕೊಳ್ಳಿ, ಉಳಿದದ್ದನ್ನು ಹೂಳುವುದು ಯಾರು?