ಏಕಸ್ತರ ಸಂಗ್ರಹ: ಅಟ್ಲಾಸ್ ಗಣಕಯಂತ್ರದಲ್ಲಿ ಬಳಕೆಯ ಲೆಕ್ಕ

ಗಣಕಯಂತ್ರಗಳ ಚರಿತ್ರೆಯನ್ನು ಅವುಗಳ ವೇಗದ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಆದರೆ ಎಣಿಸುವ ಅಂಗವು ಎಷ್ಟೇ ಚುರುಕಾಗಿರಲಿ, ಎಣಿಸಬೇಕಾದ ಸಂಖ್ಯೆ ಅದರ ಕೈಗೆಟುಕದಿದ್ದರೆ ಆ ಚುರುಕು ವ್ಯರ್ಥ. ವೇಗವಾದ ಸಂಗ್ರಹ ದುಬಾರಿ, ಅಗ್ಗದ ಸಂಗ್ರಹ ನಿಧಾನ. ಆದುದರಿಂದ ಎರಡನ್ನೂ ಇಟ್ಟುಕೊಳ್ಳದೆ ಗತ್ಯಂತರವಿರಲಿಲ್ಲ. ಯಾವುದನ್ನು ಹತ್ತಿರ ಇರಿಸಬೇಕು, ಯಾವುದನ್ನು ದೂರಕ್ಕೆ ಕಳುಹಿಸಬೇಕು ಎಂಬ ತೀರ್ಮಾನವು ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋದ ಬಗೆಯನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಅಟ್ಲಾಸ್ ಯಂತ್ರದ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಅದೇ ವಿಶ್ವವಿದ್ಯಾನಿಲಯದಲ್ಲಿ 1948ರ ಜೂನ್ 21ರಂದು, ಸ್ಮೃತಿಯಲ್ಲಿ ಅಡಕವಾದ ಕ್ರಮವಿಧಿಯನ್ನು ನಡೆಸಿ ತೋರಿಸಿದ ಚಿಕ್ಕ ಯಂತ್ರದಲ್ಲಿ ಈ ಪ್ರಶ್ನೆಯೇ ಏಳುವಂತಿರಲಿಲ್ಲ. ವಿಲಿಯಮ್ಸ್ ಮತ್ತು ಕಿಲ್ಬರ್ನ್ ರೂಪಿಸಿದ ಕ್ಯಾಥೋಡ್ ಕಿರಣನಾಳದಲ್ಲಿ 32 ಪದಗಳು ಮಾತ್ರ ಹಿಡಿಯುತ್ತಿದ್ದವು. (ಯಂತ್ರವು ಒಂದು ಘಟಕವಾಗಿ ನಿರ್ವಹಿಸುವ ಅಂಕೆಗಳ ಗುಂಪಿಗೆ 'ಪದ'ವೆಂದು ಹೆಸರು.) 1949ರ ಮಾರ್ಕ್ 1 ಯಂತ್ರಕ್ಕೆ ಕಾಂತೀಯ ಡ್ರಮ್ಮನ್ನು ಜೋಡಿಸಿದಾಗ ತೊಡಕು ಆರಂಭವಾಯಿತು. ಯಾವ ಭಾಗವನ್ನು ಯಾವ ಗಳಿಗೆಯಲ್ಲಿ ಡ್ರಮ್ಮಿನಿಂದ ನಾಳಕ್ಕೆ ತರಬೇಕು, ಅದಕ್ಕಾಗಿ ಯಾವುದನ್ನು ತೆರವು ಮಾಡಬೇಕು ಎಂಬುದನ್ನು ಕ್ರಮವಿಧಿಯನ್ನು ಬರೆಯುವವನೇ ಮುಂದಾಗಿ ಯೋಚಿಸಿ ಆಜ್ಞೆಯ ರೂಪದಲ್ಲಿ ಬರೆಯಬೇಕಾಗಿತ್ತು. ಗಣಿತವನ್ನು ಬಿಡಿಸಲೆಂದು ಬಂದವನು ಸರಕು ಸಾಗಣೆಯಲ್ಲಿ ದಣಿಯುವಂತಾಯಿತು. 1954ರಲ್ಲಿ ಟೋನಿ ಬ್ರೂಕರ್ ಸಿದ್ಧಪಡಿಸಿದ ಆಟೋಕೋಡ್ ಈ ಹೊರೆಯನ್ನು ಬಳಸುವವರ ತಲೆಯಿಂದ ಇಳಿಸಿತು; ಆದರೆ ಆ ಸೌಲಭ್ಯಕ್ಕೆ ಯಂತ್ರದ ವೇಳೆಯನ್ನೇ ಬೆಲೆಯಾಗಿ ತೆರಬೇಕಾಯಿತು.

ಫೆರಾಂಟಿ ಸಂಸ್ಥೆಯ ಸಹಯೋಗದಲ್ಲಿ ನಿರ್ಮಿತವಾಗಿ 1962ರ ಡಿಸೆಂಬರ್ 7ರಂದು ಉದ್ಘಾಟನೆಗೊಂಡ ಅಟ್ಲಾಸ್, ಇದೇ ಕೆಲಸವನ್ನು ಯಂತ್ರದ ರಚನೆಗೇ ಒಪ್ಪಿಸಿತು. ಕೋರ್ ಎಂದು ಕರೆಯಲಾಗುವ ಚಿಕ್ಕ ಕಾಂತೀಯ ಬಳೆಗಳ ಸಂಗ್ರಹದಲ್ಲಿ 16,384 ಪದಗಳೂ ನಾಲ್ಕು ಡ್ರಮ್ಮುಗಳಲ್ಲಿ ಒಟ್ಟು 98,304 ಪದಗಳೂ ಇದ್ದವು. ಕೋರ್ ಸಂಗ್ರಹದಲ್ಲಿ ಒಂದು ಪದವನ್ನು ಮುಟ್ಟಲು 2 ಮೈಕ್ರೋಸೆಕೆಂಡು ಸಾಕು. ಡ್ರಮ್ ಒಂದು ಸುತ್ತು ಬರಲು 12 ಮಿಲಿಸೆಕೆಂಡು ಬೇಕು. ಸರಾಸರಿ ಅರ್ಧ ಸುತ್ತು ಕಾಯಬೇಕೆಂದರೂ ಎರಡು ಸ್ತರಗಳ ನಡುವೆ 3,000 ಪಟ್ಟಿನ ಅಂತರ. ಕಿಲ್ಬರ್ನ್, ಎಡ್ವರ್ಡ್ಸ್, ಲ್ಯಾನಿಗನ್ ಮತ್ತು ಸಮ್ನರ್ 1962ರ ತಮ್ಮ ಪ್ರಬಂಧದಲ್ಲಿ ವಿವರಿಸಿದ 'ಏಕಸ್ತರ ಸಂಗ್ರಹ'ದಲ್ಲಿ ಈ ಅಂತರ ಕ್ರಮವಿಧಿಯನ್ನು ಬರೆಯುವವನ ಕಣ್ಣಿಗೆ ಬೀಳುವುದಿಲ್ಲ. ಎಲ್ಲವನ್ನೂ 512 ಪದಗಳ ಪುಟಗಳಾಗಿ ವಿಂಗಡಿಸಲಾಗಿತ್ತು. ಬೇಕಾದ ಪುಟವು ಕೋರಿನ 32 ಸ್ಥಾನಗಳಲ್ಲಿ ಇಲ್ಲವೆಂದು ಕಂಡುಬಂದೊಡನೆ ಕೆಲಸ ತಾನಾಗಿಯೇ ನಿಲ್ಲುತ್ತಿತ್ತು. ಮೇಲ್ವಿಚಾರಣೆಯ ಕ್ರಮವಿಧಿ ಅದನ್ನು ಡ್ರಮ್ಮಿನಿಂದ ತರಿಸುತ್ತಿತ್ತು. ಬರುವ ಪುಟ ಕಾಯಬಾರದೆಂದು ಕೋರಿನಲ್ಲಿ ಒಂದು ಸ್ಥಾನವನ್ನು ಸದಾ ಖಾಲಿ ಇಡುತ್ತಿದ್ದರು. ಆ ಸ್ಥಾನ ತುಂಬಿದೊಡನೆ ಮತ್ತೊಂದನ್ನು ತೆರವು ಮಾಡಬೇಕು. ಯಾವುದನ್ನು?

ಅಟ್ಲಾಸಿನ ಸ್ವಾರಸ್ಯವೆಲ್ಲ ಈ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿದೆ. ಪ್ರತಿ ಪುಟಕ್ಕೂ ಬಳಕೆಯ ಗುರುತಾಗಿ ಒಂದು ಅಂಕೆಯಿತ್ತು. ಪುಟವನ್ನು ಮುಟ್ಟಿದರೆ ಅದು 1 ಆಗುತ್ತಿತ್ತು. 1,024 ಆಜ್ಞೆಗಳಿಗೊಮ್ಮೆ ಈ ಗುರುತುಗಳನ್ನು ಓದಿ, ಪ್ರತಿ ಪುಟದ ವಿಷಯದಲ್ಲಿ ಎರಡು ಲೆಕ್ಕಗಳನ್ನು ಇಡಲಾಗುತ್ತಿತ್ತು: ಪುಟವು ಈಗ ಎಷ್ಟು ಹೊತ್ತಿನಿಂದ ಬಳಕೆಯಿಲ್ಲದೆ ಇದೆ, ಇದಕ್ಕೆ ಹಿಂದೆ ಎಷ್ಟು ಹೊತ್ತು ಹಾಗೆ ಇತ್ತು. ಈಗಿನ ವಿರಾಮ ಹಿಂದಿನ ವಿರಾಮವನ್ನು ಮೀರಿದ್ದರೆ ಆ ಪುಟದ ಕೆಲಸ ಮುಗಿದಿರಬೇಕೆಂದು ಭಾವಿಸಿ ಅದನ್ನು ಡ್ರಮ್ಮಿಗೆ ಕಳುಹಿಸಬೇಕು. ಅಂತಹುದು ಯಾವುದೂ ಇಲ್ಲದಿದ್ದರೆ, ಹಿಂದಿನ ವಿರಾಮದಿಂದ ಈಗಿನದನ್ನು ಕಳೆದಾಗ ಯಾವುದಕ್ಕೆ ಹೆಚ್ಚು ಶೇಷ ಉಳಿಯುವುದೋ ಅದನ್ನು, ಎಂದರೆ ಮರಳಿ ಬೇಕಾಗಲು ಅತ್ಯಂತ ತಡವಾಗುವುದೆಂದು ತೋರುವುದನ್ನು, ಕಳುಹಿಸಬೇಕು. ಇದಕ್ಕೆ 'ಕಲಿಯುವ ಕ್ರಮವಿಧಿ' ಎಂದು ಹೆಸರಿಟ್ಟರು. ಹೆಸರು ಕೊಂಚ ದೊಡ್ಡದಾಯಿತು. ಆದರೂ ಯಂತ್ರವೊಂದು ತನ್ನ ನಡತೆಯ ದಾಖಲೆಯನ್ನು ತಾನೇ ಇಟ್ಟು, ಅದರಿಂದ ಮುಂದಿನದನ್ನು ಊಹಿಸಿದ್ದಕ್ಕೆ ಇದು ತೀರ ಮೊದಲ ನಿದರ್ಶನಗಳಲ್ಲಿ ಒಂದು.

ಈ ನಿಯಮವನ್ನು ಕೇವಲ ಯಾಂತ್ರಿಕ ಉಪಾಯವೆಂದು ಎಣಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದರೊಳಗೆ ಒಂದು ಬಗೆಯ ಕೆಲಸದ ಚಿತ್ರವಿದೆ. ಮಾತೃಕೆಗಳ ಗುಣಾಕಾರದಲ್ಲಿ, ಸಮೀಕರಣಗಳ ಪರಿಹಾರದಲ್ಲಿ ಅದೇ ಪುಟಗಳು ಅದೇ ಸರದಿಯಲ್ಲಿ ಮತ್ತೆ ಮತ್ತೆ ಬೇಕಾಗುತ್ತವೆ. ಹಿಂದಿನ ವಿರಾಮವೇ ಮುಂದಿನ ವಿರಾಮದ ಅಳತೆಯೆಂಬ ನಂಬಿಕೆ ಅಂಥ ಆವರ್ತಗಳಲ್ಲಿ ಮಾತ್ರ ನಿಲ್ಲುತ್ತದೆ. 1966ರಲ್ಲಿ ಐಬಿಎಂ ಸಂಸ್ಥೆಯ ಬೆಲಾಡಿ ಇಂತಹ ನಿಯಮಗಳನ್ನು ಹೋಲಿಸಿ ಪರೀಕ್ಷಿಸಿದನು. ಭವಿಷ್ಯವನ್ನು ಪೂರ್ತಿಯಾಗಿ ಬಲ್ಲ ಒಂದು ಆದರ್ಶ ನಿಯಮ ಅವನ ಅಳತೆಗೋಲು: ಅತ್ಯಂತ ತಡವಾಗಿ ಬೇಕಾಗುವ ಪುಟವನ್ನೇ ಹೊರಗೆ ಕಳುಹಿಸುವುದು. ಅಟ್ಲಾಸ್ ಊಹೆಯಿಂದ ಹುಡುಕುತ್ತಿದ್ದುದು ಇದನ್ನೇ ಎಂಬುದು ಗಮನಾರ್ಹ. ಆದರೆ ಆವರ್ತರೂಪವಿಲ್ಲದ ಕ್ರಮವಿಧಿಗಳಲ್ಲಿ ಅಟ್ಲಾಸಿನ ನಿಯಮ ತೃಪ್ತಿಕರವಾಗಿ ನಡೆಯಲಿಲ್ಲ. ಅತ್ಯಂತ ದೀರ್ಘಕಾಲ ಮುಟ್ಟದೆ ಉಳಿದುದನ್ನು ತೆಗೆಯುವ ಸರಳ ನಿಯಮವೇ, ಅದರ ಹತ್ತಿರದ ರೂಪಗಳೊಡನೆ, ಮುಂದೆ ಬಹುವಾಗಿ ಬಳಕೆಗೆ ಬಂದಿತು.

ಮ್ಯಾಂಚೆಸ್ಟರಿನ ಅಟ್ಲಾಸ್ 1971ರಲ್ಲಿ ನಿಂತುಹೋಯಿತು. 1974ರಲ್ಲಿ ಐಬಿಎಂ ಪ್ರಕಟಿಸಿದ 3850 ಎಂಬ ಸಂಗ್ರಹವ್ಯವಸ್ಥೆಯಲ್ಲಿ ಅದೇ ವಿಚಾರ ಒಂದು ಸ್ತರ ಕೆಳಕ್ಕೆ ಇಳಿಯಿತು. ಸುಮಾರು 5 ಕೋಟಿ ಬೈಟ್ ಹಿಡಿಯುವ ಕಾಂತಪಟ್ಟಿಯ ಚಿಕ್ಕ ಕೊಳವೆಗಳು ಜೇನುಹುಟ್ಟಿನಂತಹ ಗೂಡುಗಳಲ್ಲಿರುತ್ತಿದ್ದವು. ಬೇಕಾದ ಭಾಗವನ್ನು ಡಿಸ್ಕಿಗೆ ಏರಿಸಿ, ಬಹುಕಾಲ ಮುಟ್ಟದ ಭಾಗವನ್ನು ಗೂಡಿಗೆ ಮರಳಿಸಲಾಗುತ್ತಿತ್ತು. ಕೊನೆಯ ಬಳಕೆಯ ಕಾಲವನ್ನಷ್ಟೇ ನೋಡುವ ಇಂತಹ ನಿಯಮಕ್ಕೆ, ಅಟ್ಲಾಸ್ ಇಟ್ಟಿದ್ದ ಎರಡನೆಯ ಲೆಕ್ಕ, ಎಂದರೆ ಹಿಂದಿನ ವಿರಾಮದ ಅಳತೆ, ಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ತೆರೆಯುವ ಆಯವ್ಯಯದ ಕಡತವೂ ಇನ್ನೆಂದೂ ಯಾರೂ ತೆರೆಯದ ಕಡತವೂ ಅದರ ದೃಷ್ಟಿಯಲ್ಲಿ ಹನ್ನೊಂದು ತಿಂಗಳ ಕಾಲ ಒಂದೇ.