ಕೆಂಗೇರಿ ಮೋರಿ

ಬೆಂಗಳೂರಿನ ಚರಿತ್ರೆ ಬರೆಯುವವರು ಕೆಂಪೇಗೌಡನ ಗೋಪುರದಿಂದ ಶುರು ಮಾಡ್ತಾರೆ. ದಂಡು, ಗಿರಣಿ, ಕಾರ್ಖಾನೆಗಳ ಲೆಕ್ಕ ಕೊಟ್ಟು ಕಡೆಗೆ ಕಂಪ್ಯೂಟರಿಗೆ ಬಂದು ನಿಲ್ಲಿಸ್ತಾರೆ. ಈ ನಗರ ಏನೇನು ತಯಾರಿಸಿತು ಎಂಬುದೆಲ್ಲ ಅದರಲ್ಲಿದೆ. ತಯಾರಿಸಿ ಉಳಿದ ಕೊಳೆ ಎಲ್ಲಿಗೆ ಹೋಯಿತು, ಯಾರ ಹೊಲಕ್ಕೆ ನುಗ್ಗಿತು ಎಂಬುದು ಇಲ್ಲ. ಆ ಪುಟ ಓದಬೇಕಾದರೆ ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಬರಬೇಕು.

ಕೆಂಗೇರಿ ಈಗ ಬೆಂಗಳೂರಿನ ಒಂದು ಭಾಗ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವವರೆಗೆ ಅದು ತನ್ನದೇ ಪುರಸಭೆ ಇದ್ದ ಸಣ್ಣ ಪಟ್ಟಣ, ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆ ಮೈಸೂರು ರಸ್ತೆ, ಇನ್ನೊಂದು ಕಡೆ 1881-82ರಲ್ಲಿ ಹಾಕಿದ ಮೈಸೂರು ರೈಲು ದಾರಿ. ಸುತ್ತಲ ಹಳ್ಳಿಗಳದು ರಾಗಿ, ಅವರೆ, ಹುರುಳಿ. ಕೆರೆ ಕೆಳಗೆ ಭತ್ತ. ಪಟ್ಟಣದ ಅಂಗಡಿ ವ್ಯಾಪಾರ, ಗಾಡಿ ಬಾಡಿಗೆ, ಕೂಲಿನಾಲಿ ಎಲ್ಲ ನಿಂತದ್ದು ಈ ಬೆಳೆಯ ಮೇಲೆ. ಬೆಳೆ ನಿಂತದ್ದು ಕೆರೆ ಹೊಳೆಗಳ ನೀರಿನ ಮೇಲೆ.

ಹಳೇ ಮೈಸೂರು ಸೀಮೆಯಲ್ಲಿ ಕೆರೆ ಕಾಯುತ್ತಿದ್ದವನು ನೀರುಗಂಟಿ. ತೂಬು ಎತ್ತೋದು, ಕಾಲುವೆ ಸವರೋದು, ಗದ್ದೆಗೆ ಇಷ್ಟಿಷ್ಟು ಅಂತ ನೀರು ಹಂಚೋದು ಅವನ ಕೆಲಸ. ಬಹಳ ಊರುಗಳಲ್ಲಿ ಈ ನೀರುಗಂಟಿ ದಲಿತ. ಊರಿನ ಗದ್ದೆಗೆಲ್ಲ ನೀರು ಹಾಯಿಸಿದವನು ಊರ ಬಾವಿಯಲ್ಲಿ ಒಂದು ಕೊಡ ನೀರು ಸೇದುವಂತಿರಲಿಲ್ಲ! ಹೀಗಾಗಿ ಹಳೆಯ ಕೆಂಗೇರಿ ಸೀಮೆ ಸ್ವರ್ಗವಾಗಿತ್ತು ಅಂತ ಹೇಳುವ ಹಂಗು ನಮಗಿಲ್ಲ. ಆದರೆ ಆ ನೀರು ನೀರಾಗಿತ್ತು. ದನ ಕುಡಿಯುತ್ತಿತ್ತು, ಅಗಸರು ಬಟ್ಟೆ ಒಗೆಯುತ್ತಿದ್ದರು, ಬಡವರ ಮಡಕೆಗೆ ಮೀನು ಸಿಗುತ್ತಿತ್ತು.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಗೆ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಹೇಳುವ ಈ ಹೊಳೆ ಮೈಸೂರು ರಸ್ತೆಯ ಬದಿಯಲ್ಲೇ ಕೆಂಗೇರಿಗೆ ಇಳಿದು, ಬಿಡದಿ ಕಡೆಯ ಬೈರಮಂಗಲದ ಕೆರೆ ತುಂಬಿ, ಕನಕಪುರ ಸೀಮೆಯಲ್ಲಿ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇದೇ ಹೊಳೆ ಜನರ ಬಾಯಲ್ಲಿ ಕೆಂಗೇರಿ ಮೋರಿ ಆಯಿತು. ನೋಡಿ ಈ ನ್ಯಾಯ: ಕೊಳೆ ಬೆಂಗಳೂರಿನದು, ಹೆಸರು ಕೆಂಗೇರಿಯದು.

ಮೋರಿ ಆದದ್ದು ಹೇಗೆ? 1884ರಲ್ಲಿ ಶುರುವಾದ ಬಟ್ಟೆ ಗಿರಣಿ ಮುಂದೆ ಬಿನ್ನಿ ಗಿರಣಿ ಅನ್ನಿಸಿಕೊಂಡಿತು. ಮಾಗಡಿ ರಸ್ತೆಯ ಸುತ್ತ ಬೇರೆ ಗಿರಣಿಗಳೂ ಬಂದವು. ಸ್ವಾತಂತ್ರ್ಯ ಬಂದ ಮೇಲೆ ರಾಜಾಜಿನಗರದ ಕೈಗಾರಿಕಾ ಬಡಾವಣೆ ಬೆಳೆಯಿತು. ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಲೋಹಕ್ಕೆ ಮೆರುಗು ಕೊಡುವ ಸಣ್ಣ ಸಣ್ಣ ಶೆಡ್ಡುಗಳು ಎದ್ದವು. ಬಣ್ಣದ ನೀರು, ಆಮ್ಲದ ನೀರು ಎಲ್ಲವೂ ತಗ್ಗು ಹುಡುಕಿ ಹೊಳೆಗೆ ಬಿತ್ತು. ಗಿರಣಿ ಬೇಡವಿತ್ತು ಅನ್ನೋದು ನಮ್ಮ ವಾದವಲ್ಲ. ಹಳ್ಳಿಯ ಜೀತ, ಜಾತಿ ತಪ್ಪಿಸಿಕೊಂಡು ಬಂದ ಎಷ್ಟೋ ಜನಕ್ಕೆ ಕಾರ್ಖಾನೆ ಕೂಲಿಯೇ ಬಿಡುಗಡೆಯಾಗಿತ್ತು. ಆದರೆ ಲಾಭ ಮೇಲಕ್ಕೆ ಹೋಯಿತು, ವಿಷ ಕೆಳಕ್ಕೆ ಹೋಯಿತು. ಬಿನ್ನಿ ಗಿರಣಿ ಮುಚ್ಚಿ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿವೆ. ಮೋರಿ ಮಾತ್ರ ಹಾಗೇ ಹರೀತಿದೆ.

ಕಾರ್ಖಾನೆಗಿಂತ ದೊಡ್ಡ ಪಾಲು ಮನೆಗಳದು. ನಗರ ಕುಡಿದದ್ದು ಅರ್ಕಾವತಿಯ ಮೇಲ್ಭಾಗದ ತಿಳಿನೀರು. ಮೊದಲು ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು; 1982, 1993ರಲ್ಲಿ ಎರಡನೇ, ಮೂರನೇ ಹಂತಗಳು. ಮನೆಗೆ ಬಂದ ನೀರಿನ ಬಹುಪಾಲು ಬಚ್ಚಲು ಪಾಯಿಖಾನೆಯಿಂದ ಹೊರಗೆ ಹೋಗಲೇಬೇಕಲ್ಲ? ಕೊಳಾಯಿ ಎಷ್ಟು ದಪ್ಪವಾಯಿತೋ ಮೋರಿ ಅಷ್ಟು ದಪ್ಪವಾಯಿತು. ಅದೇ 1974ರಲ್ಲಿ ಜಲಮಾಲಿನ್ಯ ತಡೆಯುವ ಕಾಯ್ದೆಯೂ ಬಂತು, ರಾಜ್ಯಕ್ಕೆ ಒಂದು ಮಂಡಳಿಯೂ ಬಂತು. ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ಕೊಳೆ ಹೊಳೆಯಲ್ಲಿ ಹರಿಯಿತು.

1970ರ ದಶಕದ ಮೊದಲಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದರು. ಅದು ನಮ್ಮ ಚರಿತ್ರೆಯ ದೊಡ್ಡ ದಿನ. ಆದರೆ ನಗರ ತನ್ನ ಬುದ್ಧಿ ಬಿಡಲಿಲ್ಲ. ಮನುಷ್ಯನ ತಲೆಯಿಂದ ಇಳಿದ ಹೊರೆಯನ್ನು ಹೊಳೆಯ ತಲೆ ಮೇಲೆ ಇಟ್ಟಿತು, ಕೆಳಗಿನ ಊರುಗಳ ತಲೆ ಮೇಲೆ ಇಟ್ಟಿತು.

ಬೈರಮಂಗಲದ ಕೆರೆಯನ್ನು 1940ರ ದಶಕದಲ್ಲಿ ಕಟ್ಟಿದ್ದು ಭತ್ತ ಬೆಳೆಯಲಿ ಅಂತ. ಈಗ ಅಲ್ಲಿ ನೊರೆ ಏಳುತ್ತದೆ. ಭತ್ತ ಬಿಟ್ಟು ರೈತರು ಹುಲ್ಲು, ಹಿಪ್ಪುನೇರಳೆ, ಮುಸುಕಿನಜೋಳದ ಕಡೆ ತಿರುಗಿದರು. ಆ ಹುಲ್ಲು ತಿಂದ ದನದ ಹಾಲು ಎಲ್ಲಿಗೆ ಹೋಗುತ್ತೆ? ಡೈರಿಗೆ, ಡೈರಿಯಿಂದ ಪೇಟೆಗೆ. ನಗರ ಕಳಿಸಿದ್ದು ನಗರಕ್ಕೇ ಮರಳುತ್ತಿದೆ. ಆದರೆ ದುಡ್ಡಿದ್ದವನು ಬೇರೆ ಹಾಲು, ಬೇರೆ ನೀರು ಕೊಂಡಾನು. ಆ ಕೆಸರಿನಲ್ಲಿ ಕಾಲಿಟ್ಟು ಹುಲ್ಲು ಕುಯ್ಯುವ ಕೂಲಿ ಹೆಂಗಸು ಏನು ಕೊಂಡಾಳು?

ನೀರು ಹೀಗಾದ ಮೇಲೆ ಭೂಮಿ ಯಾರಿಗೆ ಬೇಕು? ಸೈಟು ಮಾಡುವವರಿಗೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಚಾಕರಿ ಹೋಯಿತು, ಇನಾಂ ಭೂಮಿ ಅನುಭವದಾರರಿಗೇ ಮಂಜೂರಾಗಬೇಕೆಂದಾಯಿತು. ದಲಿತರಿಗೆ ಮಂಜೂರಾದ ಜಮೀನು ಕೈಬಿಟ್ಟು ಹೋಗುವುದನ್ನು ತಡೆಯಲು 1978ರಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು. ಕೆಂಗೇರಿಗೆ ಉಪನಗರ ಬಂತು. 2021ರ ಆಗಸ್ಟಿನಲ್ಲಿ ಮೆಟ್ರೋನೂ ಬಂತು. ಮೆಟ್ರೋ ಮೇಲೆ ಓಡುತ್ತದೆ, ಪಕ್ಕದಲ್ಲೇ ಕೆಳಗೆ ಮೋರಿ ಹರಿಯುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿ ಕುಡಿದರು. ನಾವೂ ಮನುಷ್ಯರು ಎಂದು ಸಾರಲು ಕುಡಿದರು. ಅಂದು ನಮ್ಮನ್ನು ನೀರಿನಿಂದ ದೂರ ಇಟ್ಟಿದ್ದರು. ಇಂದು ನೀರನ್ನೇ ಯಾರೂ ಮುಟ್ಟದ ಹಾಗೆ ಕೆಡಿಸಿ ಕೆಳಗಿನವರ ಪಾಲಿಗೆ ಬಿಟ್ಟಿದ್ದಾರೆ. ಮೇಲಿನ ಕೇರಿಯ ಬಚ್ಚಲು ಕೆಳಗಿನ ಕೇರಿಗೆ ಹರಿಯಬೇಕು ಎಂಬ ಹಳೇ ಹಳ್ಳಿಯ ನಿಯಮವನ್ನು ಒಂದು ಮಹಾನಗರವೇ ಪಾಲಿಸುತ್ತಿದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೆ, ಮಕ್ಕಳಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸುವಾಗ ಇದನ್ನೂ ಕೇಳಿ: ನಮ್ಮೂರ ನೀರು ಎಲ್ಲಿಂದ ಬರುತ್ತೆ, ನಮ್ಮೂರ ಕೊಳೆ ಯಾರ ಊರಿಗೆ ಹೋಗುತ್ತೆ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕಿದ ಮಗು ಈ ದೇಶದ ಜಾತಿಯನ್ನೂ ವರ್ಗವನ್ನೂ ಒಟ್ಟಿಗೇ ಕಲಿಯುತ್ತದೆ.