ಹೆಸರು ಕೊರಿಯಾದ್ದು, ಒಡಲು ಪರದೇಶದ್ದು: ಉತ್ತರ ಕೊರಿಯಾದ ಮೋಟಾರು ಕಾರುಗಳು

ಒಂದು ದೇಶದಲ್ಲಿ ರೂಪುಗೊಂಡ ಕಾರಿನ ಲಾಂಛನವನ್ನು ಕಳಚಿ, ಮತ್ತೊಂದು ದೇಶದಲ್ಲಿ ಬೇರೆ ಹೆಸರಿಟ್ಟು ಮಾರುವ ಪದ್ಧತಿಯು ಮೋಟಾರು ಉದ್ಯಮಕ್ಕೆ ಹೊಸದೇನಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯು ಮೂಲತಃ ಇಟಲಿಯ ಫಿಯಟ್ 1100. ನಮ್ಮ ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಆದರೆ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿರುವ ಉತ್ತರ ಕೊರಿಯಾದಲ್ಲಿ ಇದೇ ಪದ್ಧತಿಯು ತಾಳಿದ ರೂಪ ಬೇರೆಯೇ ಆಗಿದೆ. ಆ ವೃತ್ತಾಂತವನ್ನು ವಾಚಕರಿಗೆ ಇಲ್ಲಿ ಸಂಗ್ರಹವಾಗಿ ಪರಿಚಯಿಸುತ್ತಿದ್ದೇವೆ.

ಹಿನ್ನೆಲೆ

ಸ್ವಾವಲಂಬನೆಯನ್ನೇ ರಾಜ್ಯತತ್ತ್ವವಾಗಿ ಸಾರುವ ಈ ದೇಶದ ವಾಹನೋದ್ಯಮವು ಆರಂಭದಿಂದಲೂ ಪರದೇಶಿ ಮಾದರಿಗಳನ್ನೇ ಅವಲಂಬಿಸಿತ್ತು. ತೊಕ್ಚೊನ್ ಎಂಬಲ್ಲಿನ ಕಾರ್ಖಾನೆಯಿಂದ ಹೊರಬಂದ 'ಸುಂಗ್ರಿ-58' ಲಾರಿಯು ಸೋವಿಯತ್ ಒಕ್ಕೂಟದ ಗಾಜ್-51 ಲಾರಿಯ ಪ್ರತಿರೂಪ. 'ಸುಂಗ್ರಿ' ಎಂದರೆ ವಿಜಯ. 1974ರಲ್ಲಿ ಸ್ವೀಡನ್ನಿನಿಂದ ಸುಮಾರು 1,000 ವೋಲ್ವೋ 144 ಕಾರುಗಳನ್ನು ತರಿಸಿಕೊಳ್ಳಲಾಯಿತು. ಅವುಗಳ ಬಾಕಿ ಹಣ ಇಂದಿಗೂ ಸಂದಾಯವಾಗಿಲ್ಲ.

ಪ್ಯೊಂಗ್ವಾ ಮೋಟಾರ್ಸ್

'ಪ್ಯೊಂಗ್ವಾ' ಎಂಬುದಕ್ಕೆ ಕೊರಿಯಾ ಭಾಷೆಯಲ್ಲಿ ಶಾಂತಿ ಎಂದರ್ಥ. ದಕ್ಷಿಣ ಕೊರಿಯಾದ ಯೂನಿಫಿಕೇಶನ್ ಚರ್ಚ್‌ನ ಸಂಸ್ಥಾಪಕ ಸುನ್ ಮ್ಯುಂಗ್ ಮೂನ್ ಅವರು 1920ರಲ್ಲಿ ಜನಿಸಿದ್ದು ಇಂದಿನ ಉತ್ತರ ಕೊರಿಯಾಕ್ಕೆ ಸೇರಿದ ಚೊಂಗ್ಜು ಪ್ರದೇಶದಲ್ಲಿ. ಕಟ್ಟಾ ಕಮ್ಯುನಿಸ್ಟ್ ವಿರೋಧಿಯಾಗಿದ್ದ ಅವರು 1991ರಲ್ಲಿ ಕಿಮ್ ಇಲ್ ಸುಂಗ್ ಅವರನ್ನು ಭೇಟಿಯಾದ ಬಳಿಕ ಉಭಯ ಕೊರಿಯಾಗಳ ನಡುವೆ ಉದ್ಯಮ ಸಂಬಂಧದ ಹಾದಿ ತೆರೆಯಿತು. ಅದರ ಫಲವಾಗಿ ನಾಂಪೊ ಬಂದರು ನಗರದಲ್ಲಿ ಕಾರು ಕಾರ್ಖಾನೆ ಸ್ಥಾಪನೆಗೊಂಡು, 2002ರಲ್ಲಿ ಕಾರ್ಯಾರಂಭ ಮಾಡಿತು. ಬಂಡವಾಳದಲ್ಲಿ ಶೇಕಡಾ 70 ಪಾಲು ಚರ್ಚ್‌ನ ಕಂಪೆನಿಯದು, ಶೇಕಡಾ 30 ಉತ್ತರದ ಸರಕಾರಿ ಸಂಸ್ಥೆಯದು.

ಕಾರುಗಳು

ಇಲ್ಲಿ ವಿನ್ಯಾಸವಾಗಲಿ, ಎಂಜಿನ್ ನಿರ್ಮಾಣವಾಗಲಿ ನಡೆಯಲಿಲ್ಲ. ಬಿಡಿಭಾಗಗಳ ರೂಪದಲ್ಲಿ ಬಂದ ಕಾರುಗಳನ್ನು ಜೋಡಿಸಿ ಹೊಸ ಲಾಂಛನ ಅಂಟಿಸುವುದೇ ಕೆಲಸ. ಮೊದಲ ಕಾರು 'ಹ್ವಿಪಾರಮ್', ಅರ್ಥಾತ್ ಸಿಳ್ಳೆ. ಇದು ಫಿಯಟ್ ಕಂಪೆನಿಯ ಸಿಯೆನಾ. 1999ರಿಂದ ನಮ್ಮ ದೇಶದಲ್ಲಿಯೂ ಮಾರಾಟವಾದ ಅದೇ ಸಿಯೆನಾ. 'ಪೊಕ್ಕುಗಿ', ಅಂದರೆ ಕೋಗಿಲೆಯ ಜಾತಿಯ ಹಕ್ಕಿ, ಫಿಯಟ್ ಡೊಬ್ಲೊ ಆಗಿತ್ತು. ಅನಂತರದ ವರ್ಷಗಳಲ್ಲಿ ಚೀನಾದ ಬ್ರಿಲಿಯನ್ಸ್ ಮೊದಲಾದ ಕಂಪೆನಿಗಳ ಕಾರುಗಳು ಬಂದವು. 'ಜುನ್ಮಾ', ಎಂದರೆ ವೇಗದ ಕುದುರೆ, ದಕ್ಷಿಣ ಕೊರಿಯಾದ್ದೇ ಆದ ಸಾಂಗ್‌ಯಾಂಗ್ ಚೇರ್ಮನ್ ಕಾರು. ಆ ಚೇರ್ಮನ್ ಕೂಡಾ ಜರ್ಮನಿಯ ಮರ್ಸಿಡಿಸ್ ತಂತ್ರವನ್ನು ಆಧರಿಸಿದ್ದೆಂಬುದು ಗಮನಾರ್ಹ. ವಾಣಿಜ್ಯ ಜಾಹೀರಾತುಗಳೇ ಕಾಣಸಿಗದ ಪ್ಯೊಂಗ್‌ಯಾಂಗ್ ನಗರದಲ್ಲಿ ಈ ಕಾರುಗಳ ಜಾಹೀರಾತು ಫಲಕಗಳು ಎದ್ದು ನಿಂತದ್ದು ಪರದೇಶಿ ಪ್ರವಾಸಿಗರಿಗೆ ಸೋಜಿಗ ತಂದಿತ್ತು.

ಕೊಳ್ಳುವವರಾರು?

ವರ್ಷಕ್ಕೆ 10,000 ಕಾರುಗಳನ್ನು ಜೋಡಿಸಬಲ್ಲ ಈ ಕಾರ್ಖಾನೆಯಿಂದ 2003ರಲ್ಲಿ ಮಾರಾಟವಾದವು ಕೇವಲ 314. ಸ್ವಂತ ಕಾರು ಹೊಂದಲು ಸಾಮಾನ್ಯ ಪ್ರಜೆಗೆ ಅನುಕೂಲವೂ ಇರಲಿಲ್ಲ, ಸುಲಭವಾಗಿ ಅನುಮತಿಯೂ ಇರಲಿಲ್ಲ. ಗಿರಾಕಿಗಳು ಬಹುಪಾಲು ಸರಕಾರಿ ಇಲಾಖೆಗಳು ಮತ್ತು ಪರದೇಶಿ ಸಂಸ್ಥೆಗಳು. ಕಂಪೆನಿಯು ಮೊದಲ ಬಾರಿಗೆ ಲಾಭ ಕಂಡದ್ದು 2009ರಲ್ಲಿ. ಆ ವರ್ಷ ಸುಮಾರು 650 ಕಾರುಗಳು ಮಾರಾಟವಾದವು, ಲಾಭಾಂಶದ 5 ಲಕ್ಷ ಡಾಲರು ಸೋಲ್‌ಗೆ ರವಾನೆಯಾಯಿತು. 2012ರಲ್ಲಿ ಮೂನ್ ನಿಧನರಾದರು. ಅದರ ಬೆನ್ನಿಗೇ ಚರ್ಚ್‌ನ ಕಂಪೆನಿಯು ತನ್ನ ಪಾಲನ್ನು ಉತ್ತರದವರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯಿತು. 2017ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2397ನೇ ನಿರ್ಣಯದ ಮೂಲಕ ಆ ದೇಶಕ್ಕೆ ವಾಹನಗಳ ಪೂರೈಕೆಯನ್ನೇ ನಿಷೇಧಿಸಿತು.

ಎರಡು ಫಿಯಟ್‌ಗಳು

ಪದ್ಮಿನಿ ಮತ್ತು ಹ್ವಿಪಾರಮ್ ಒಂದೇ ಕುಲದ ಎರಡು ಕುಡಿಗಳು. ಎರಡಕ್ಕೂ ಇಟ್ಟದ್ದು ಆಯಾ ನಾಡಿನ ಹೆಸರು. ಕುರ್ಲಾದಲ್ಲಿ ಜೋಡಣೆಯಿಂದ ಆರಂಭವಾದ ಕೆಲಸವು ಕ್ರಮೇಣ ಬಿಡಿಭಾಗಗಳನ್ನೂ ಇಲ್ಲಿಯೇ ತಯಾರಿಸುವ ಮಟ್ಟಕ್ಕೆ ಬೆಳೆಯಿತು. ಅದರಿಂದ ಸಹಸ್ರಾರು ಕಾರ್ಮಿಕರು, ಮೆಕ್ಯಾನಿಕರು, ಟ್ಯಾಕ್ಸಿ ಚಾಲಕರು ಬದುಕು ಕಟ್ಟಿಕೊಂಡರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿ ನಿವೃತ್ತವಾದಾಗ ನಗರವೇ ಅದನ್ನು ಬೀಳ್ಕೊಟ್ಟಿತು. ಹ್ವಿಪಾರಮ್‌ಗೆ ಆ ಭಾಗ್ಯವಿಲ್ಲ. ಅದನ್ನು ತನ್ನದೆಂದು ಬಳಸುವ ಅವಕಾಶವೇ ಅಲ್ಲಿನ ಜನರಿಗೆ ದೊರೆಯಲಿಲ್ಲ. ಎರವಲು ತಂದ ವಸ್ತುವೊಂದು ನಾಡಿನದಾಗುವುದು ಹೆಸರು ಬದಲಾದಾಗ ಅಲ್ಲ, ಜನರ ಕೈಸೇರಿ ಬಳಕೆಗೆ ಬಂದಾಗ ಎಂಬುದು ನಮ್ಮ ಅಭಿಪ್ರಾಯ. ಆದರೂ ಗಡಿಯ ಆಚೆ ಈಚೆ ಬಂದೂಕು ಹಿಡಿದು ನಿಂತ ಒಂದೇ ಭಾಷೆಯ ಜನರು ಹತ್ತು ವರ್ಷ ಕಾಲ ಪಾಲುದಾರರಾಗಿ ಕಾರು ಜೋಡಿಸಿದರೆಂಬುದು ಸಣ್ಣ ಸಂಗತಿಯಲ್ಲ.